ತಾಣ ಕೊಟ್ಟ ಬಳ್ಳಿ

೨೦೧೪ರ ಮಳೆಗಾಲ. ನಾನಾಗ ಕಾಗವಾಡದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಫಿಜೀಶಿಯನ್. ದ್ರಾಕ್ಷಿ ಬೆಳೆಗಾರ ಅಪ್ಪಾಸಾಹೇಬರಿಗೆ ಪ್ಯಾಂಕ್ರಿಯಾಸ್‌ನ, ಅಂದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಲಿವರ್‌ಗೂ ಹರಡಿದ್ದರಿಂದ ಆಪರೇಶನ್ ಸಾಧ್ಯವಿರಲಿಲ್ಲ. ಕೀಮೋಥೆರಪಿ ಮಿರಜದಲ್ಲಿ ನಡೆಯುತ್ತಿತ್ತು. ನಡುವಿನ ರಕ್ತಪರೀಕ್ಷೆ, ತೂಕ, ನೋವಿನ ಔಷಧಿ ನನ್ನ ಪಾಲಿಗೆ.

ಅವರಿಗೆ ಇದ್ದದ್ದು ಒಂದೇ ಆಸೆ. ಅಕ್ಟೋಬರಿನ ಛಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ತಮ್ಮ ಕೈಯಿಂದಲೇ ಆಗಬೇಕು. "ನಮ್ಮ ಆಳುಗೋಳು ಕಡ್ಡಿ ಮ್ಯಾಲಿನ ಚಿಗುರೊಡಿಯೂ ಕಣ್ಣ ನೋಡೂದಿಲ್ರಿ ಬಾಯಾರ, ಗಡಿಯಾರ ನೋಡತಾರ," ಎಂದು, ಡಾಕ್ಟರಮ್ಮನಾದ ನನ್ನನ್ನು ಬಾಯಾರ ಎಂದೇ ಕರೆಯುತ್ತಿದ್ದ ಅವರು ನಗಿಸಿದ್ದರು. ಆ ನಗುವಿನಲ್ಲೂ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು.

ಬಂದಾಗಲೆಲ್ಲ ತೂಕ ಇಳಿದಿರುತ್ತಿತ್ತು. ಈ ರೋಗದಲ್ಲಿ ಅದು ಎಕ್ಸ್‌ಪೆಕ್ಟೆಡ್. ಜೀರ್ಣಕ್ಕೆ ಎನ್‌ಜೈಮ್ ಕ್ಯಾಪ್ಸೂಲ್ ಹೆಚ್ಚಿಸಿದೆ; ಪ್ರಯೋಜನವಾಗಲಿಲ್ಲ. ಮಿರಜದವರು ಮುಂದಿನ ಕೀಮೋವನ್ನು ತಡೆಹಿಡಿದರು: ಮೊದಲು ಶಕ್ತಿ ಬರಲಿ ಎಂದರು. ಆಗ ಅಪ್ಪಾಸಾಹೇಬರ ಹೆಂಡತಿ ಸುಮನ್ ಬಾಯಿಬಿಟ್ಟರು. ಇವರು ಎರಡು ತುತ್ತು ಉಂಡು ತಾಟು ಸರಿಸುತ್ತಾರೆ, ಬೇಕಂತಲೇ.

"ಹೊಟ್ಟ್ಯಾಗಿನ ಗಡ್ಡೀಗೆ ತಾಣ ಕೊಟ್ಟೀನ್ರಿ," ಎಂದರು ಅಪ್ಪಾಸಾಹೇಬರು, ಸಂಕೋಚವಿಲ್ಲದೆ.

ಛಾಟಣಿಗೆ ಮೊದಲು ನೀರು ತಡೆದು ಬಳ್ಳಿಯನ್ನು ಸೊರಗಿಸುವುದಕ್ಕೆ ಅಲ್ಲಿಯವರು ತಾಣ ಕೊಡುವುದು ಎನ್ನುತ್ತಾರೆ. ಜೀವಮಾನವಿಡೀ ಮಾಡಿದ ಕೆಲಸವನ್ನೇ ಅವರು, ಕ್ಯಾನ್ಸರಿನ ಗಡ್ಡೆ ಸೊರಗಿ ಸಾಯಲೆಂದು, ತಮ್ಮ ಹೊಟ್ಟೆಯ ಮೇಲೂ ಮಾಡಿದ್ದರು.

ಆದರೆ ಗಡ್ಡೆ ಹಾಗೆ ಹಸಿವಿಗೆ ಸಾಯುವುದಿಲ್ಲ; ಅದಕ್ಕೆ ಆಟೋಫೇಜಿ ಎಂಬ ದಾರಿಯಿದೆ. ಆಟೋಫೇಜಿ ಎಂದರೆ ಜೀವಕೋಶವು ತನ್ನೊಳಗಿನ ಹಳೆಯ, ಕೆಟ್ಟ ಭಾಗಗಳನ್ನೇ ಕರಗಿಸಿ ಆಹಾರ ಮಾಡಿಕೊಳ್ಳುವುದು. ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಕೋಶಗಳು ಇದರಲ್ಲಿ ಎಕ್ಸ್‌ಪರ್ಟ್. ಉಪವಾಸವಿರಲಿ, ಕೀಮೋ ಇರಲಿ, ಈ ದಾರಿ ಹಿಡಿದು ಉಳಿದುಬಿಡುತ್ತವೆ. ಅದನ್ನು ತಡೆಯಬಹುದೇ ಎಂದು ಹಳೆಯ ಮಲೇರಿಯಾ ಔಷಧಿಯೊಂದನ್ನು ಆಗ ಟ್ರಯಲ್‌ಗಳಲ್ಲಿ ಪರೀಕ್ಷಿಸುತ್ತಿದ್ದರು. ಹೋಪ್ ಇತ್ತು, ಪ್ರೂಫ್ ಇರಲಿಲ್ಲ. ಇದನ್ನೆಲ್ಲ ಅವರಿಗೆ ಹೇಗೆ ಹೇಳಲಿ? ಒಂದೇ ಪ್ರಶ್ನೆ ಕೇಳಿದೆ.

"ತಾಣ ಕೊಟ್ಟ ಬಳ್ಳಿ ಸಾಯತೈತೇನ್ರಿ, ಅಪ್ಪಾಸಾಹೇಬ್ರ?"

"ಎಲ್ಲೀದ್ರಿ. ಕಟಗ್ಯಾಗ ಇದ್ದದ್ದನ್ನ ತಿಂದು ಬದಕತೈತಿ," ಎಂದವರು ತಮ್ಮ ತೋಳನ್ನೇ ನೋಡಿಕೊಂಡರು. "ಅಂದ್ರ ಈ ಗಡ್ಡಿ ಬದಕಾಕತ್ತೈತಿ. ಒಣಗಾಕತ್ತಾಂವ ನಾನು."

ಅಂದಿನಿಂದ ಉಂಡರು, ನುಚ್ಚು, ಮಜ್ಜಿಗೆ, ಸುಮನ್ ಕಲಸಿ ಕೊಟ್ಟದ್ದೆಲ್ಲ. ಆದರೆ ಹೋದ ಶಕ್ತಿ ಮರಳಲಿಲ್ಲ, ಕೀಮೋ ಮತ್ತೆ ಶುರುವಾಗಲಿಲ್ಲ. ಛಾಟಣಿಯ ಹೊತ್ತಿಗೆ ಅವರಿರಲಿಲ್ಲ.

ಹಣ್ಣಿನ ಕಾಲಕ್ಕೆ ಸುಮನ್ ಒಂದು ಬುಟ್ಟಿ ದ್ರಾಕ್ಷಿ ತಂದರು. ಬುಟ್ಟಿಯನ್ನು ಮೇಜಿನ ಮೇಲಿಟ್ಟು ಕೂತರು. ಆಮೇಲೆ ಕೇಳಿದರು: "ಮೊದಲಿಂದ ಉಂಡಿದ್ರ ಉಳೀತಿದ್ರೇನ್ರಿ ಬಾಯಾರ? ತಾಟ ತಗದಾಕಿ ನಾನ ಅಲ್ಲೇನ್ರಿ."

"ರೋಗ ಆಗಲೇ ಲಿವರಿಗೆ ಹೋಗಿತ್ರಿ ತಾಯಿ, ಉಂಡ್ರೂ ನಿಲ್ಲತಿರಲಿಲ್ಲ," ಎಂದೆ. ಅದು ನಿಜ. ಕೆಲವು ತಿಂಗಳು ಸಿಗುತ್ತಿದ್ದವೋ ಏನೋ, ಛಾಟಣಿಗೆ ಕತ್ತರಿ ಹಿಡಿಯುವಷ್ಟು, ಅದನ್ನು ಹೇಳಲಿಲ್ಲ.

ಕೋಶ ಹೇಗೆ ಬದುಕುತ್ತದೆ ಎಂಬುದನ್ನು ನಾನು ಜರ್ನಲ್‌ಗಳಲ್ಲಿ ಓದಿ ಕಲಿತೆ. ಮನುಷ್ಯ ಯಾಕೆ ಉಣ್ಣುತ್ತಿಲ್ಲ ಎಂಬುದನ್ನು ಅವನನ್ನೇ ಕೇಳಬೇಕು. ನಿವೃತ್ತಿಯ ದಿನದವರೆಗೂ ಪೆನ್ ತೆರೆಯುವ ಮೊದಲು ಕೇಳುತ್ತಿದ್ದೆ: "ಇವತ್ತ ಏನ ಉಂಡ್ರಿ? ಏನ ಬಿಟ್ರಿ? ಯಾಕ ಬಿಟ್ರಿ?"