ಬರ್ಫದಲ್ಲಿ ಹುಗಿದು ತಂದ ಬಾಟಲಿ

ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ಕಾರವಾರದ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದೆ. ಅಲ್ಲಿ ನನಗೆ ಮೈಯೆಲ್ಲ ಉರಿಸುತ್ತಿದ್ದ ಕೆಲಸವೆಂದರೆ ವೀರ್ಯ ಪರೀಕ್ಷೆ. ನಾಚಿಕೆಯಿಂದಲ್ಲ. ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಬರುವ ಹೆಂಗಸಿಗೆ ನಾಚಿಕೆ ಎಲ್ಲಿ ಉಳಿದಿರುತ್ತದೆ! ಸಕ್ಕರೆ ಪರೀಕ್ಷೆಗಾದರೆ, ಉತ್ತರ ಮೊದಲೇ ಗೊತ್ತಿರುವ ಒಂದು ಸ್ಯಾಂಪಲ್ ಹಾಕಿ, ಮಷಿನ್ ಸರಿ ಹೇಳುತ್ತದೆಯೋ ಇಲ್ಲವೋ ಎಂದು ಬೆಳಿಗ್ಗೆಯೇ ನೋಡಿಕೊಳ್ಳುತ್ತಿದ್ದೆವು. ಇದಕ್ಕೆ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಒಂದು ಮೈಕ್ರೋಸ್ಕೋಪು, ಮತ್ತೆ ನಮ್ಮ ಕಣ್ಣು. ಒಂದೇ ಸ್ಲೈಡಿಗೆ ನನ್ನದೊಂದು ಲೆಕ್ಕ, ಮಧ್ಯಾಹ್ನದ ಪಾಳಿಯವನದು ಇನ್ನೊಂದು. ಇಬ್ಬರೂ ಎಣಿಸೋಣ, ತಾಳೆಯಾಗದಿದ್ದರೆ ಮತ್ತೊಮ್ಮೆ ತರಿಸೋಣ ಎಂದು ಡಾಕ್ಟರ ತಲೆ ತಿನ್ನುತ್ತಿದ್ದೆ. ಲ್ಯಾಬು ಅವರದು. "ಕಂಡದ್ದು ಬರಿ ಮಾರಾಯ್ತಿ" ಎನ್ನುತ್ತಿದ್ದರು.

ಸ್ಯಾಂಪಲ್ ಕೊಡಲು ಒಂದು ಕೋಣೆಯೂ ಇರಲಿಲ್ಲ. ಇದ್ದೊಂದು ಪಾಯಖಾನೆಯ ಎದುರಿಗೇ ಬೆಂಚು, ಬೆಂಚಿನ ತುಂಬ ಜನ. ಹಾಗಾಗಿ ಗಂಡಸರ ಕೈಗೆ ಬಾಟಲಿ ಕೊಟ್ಟು, ಮನೆಯಿಂದ ಬೇಗ ತನ್ನಿ ಎಂದು ಕಳಿಸುತ್ತಿದ್ದೆವು. ಹೇಗೆ ತರಬೇಕೆಂದು ಹೇಳುವ ಪದ್ಧತಿಯೇ ಇರಲಿಲ್ಲ. ಹೇಳೋಣವೆಂದರೂ ಅವರು ಬಾಟಲಿ ಕಿಸೆಗೆ ತುರುಕಿ ಓಡಿಬಿಡುತ್ತಿದ್ದರು.

ಅಮದಳ್ಳಿಯ ಆತ ಮೀನುಗಾರ. ಮದುವೆಯಾಗಿ ಐದಾರು ವರ್ಷವಾದರೂ ಮಕ್ಕಳಿರಲಿಲ್ಲ. ಬಾಟಲಿಯನ್ನು ಕೌಂಟರಿನಲ್ಲಿಟ್ಟು ಹೋಗಿದ್ದ. ನನ್ನ ಮೇಜಿಗೆ ಬರುವಷ್ಟರಲ್ಲಿ ಅದು ಬೇರೆ ಬಾಟಲಿಗಳ ಹಾಗೆಯೇ ಇತ್ತು. ಸ್ಲೈಡಿನ ತುಂಬ ವೀರ್ಯಾಣುಗಳಿದ್ದವು, ಆದರೆ ಒಂದೂ ಅಲ್ಲಾಡುತ್ತಿರಲಿಲ್ಲ. ಇಷ್ಟೊಂದಿದ್ದೂ ಒಂದಕ್ಕೂ ಜೀವ ಇಲ್ಲವೆಂದರೆ ಏನೋ ಎಡವಟ್ಟಾಗಿದೆ, ಮತ್ತೊಮ್ಮೆ ತರಿಸೋಣ ಎಂದೆ. ಡಾಕ್ಟರು ತಾವೂ ಬಗ್ಗಿ ನೋಡಿದರು. ಚಲನೆ ಇಲ್ಲ ಎಂದು ಬರೆಸಿ, ಸಹಿ ಹಾಕಿ ಊಟಕ್ಕೆ ಹೋದರು.

ಸಂಜೆ ಆತ ರಿಪೋರ್ಟಿಗೆ ಬಂದ. ಇವೆ, ಆದರೆ ಓಡಾಡುತ್ತಿಲ್ಲ ಎಂದು ಮೆಲ್ಲಗೆ ಹೇಳಿದೆ.

"ಹಂಗಾರೆ ನಂಗೆ ಮಕ್ಳಾಗೂಕಿಲ್ಲ."

"ಹಾಗಲ್ಲ, ತರುವಾಗ ದಾರಿಯಲ್ಲಿ ಕೆಟ್ಟಿದ್ದರೂ ಕೆಟ್ಟಿರಬಹುದು."

"ಕೆಡೂದೆಂತ ಅಕ್ಕೋರೆ? ಬರ್ಫದಲ್ಲಿ ಹುಗ್ದು ತಂದಿದ್ದೆ. ಬರ್ಫ ಇಲ್ದಿದ್ರೆ ಬಾಂಗಡೆನೇ ಮಧ್ಯಾಹ್ನಕ್ಕೆ ನಾರ್ತದೆ. ನಂಗೆ ಅಷ್ಟೂ ಗೊತ್ತಿಲ್ವಾ?"

ಅಯ್ಯೋ ದೇವರೇ! ಮೀನಿಗೆ ಐಸು ಬೇಕು, ಇದಕ್ಕೆ ಐಸೇ ಯಮ, ಮೈಯ ಬಿಸಿ ತಾಗುವಂತೆ ಒಳಕಿಸೆಯಲ್ಲಿಟ್ಟು ತರಬೇಕಿತ್ತು ಎಂದು ಬಡಬಡಿಸಿದೆ. ದಮ್ಮಯ್ಯ, ಇನ್ನೊಂದು ಸಲ ತನ್ನಿ ಎಂದೆ. ಆತ ಬೆಂಚಿನ ಮೇಲಿದ್ದ ಜನರನ್ನು ನೋಡಿದ.

"ನಂಗೆ ಬೇಜಾರಾಗ್ತದೆ ಅಂದ್ಕಂಡು ಹೇಳ್ತ್ರಿ. ಇರ್ಲಿ. ಒಂದ್ಸಲ ಮಾನ ಹೋದದ್ದು ಸಾಕು."

ರಿಪೋರ್ಟು ಮಡಚಿ ಅಂಗಿಯೊಳಗೆ ಇಟ್ಟುಕೊಂಡು ಹೋದ. ಮರುದಿನ ಡಾಕ್ಟರಿಗೆ ಹೇಳಿದರೆ, "ತಂದರೆ ನೋಡುವಾ. ತರದಿದ್ದರೆ ನಾನು ಹೋಗಿ ಎಳ್ಕೊಂಡು ಬರ್ಲಾ?" ಎಂದರು. ಅವರು ಹೇಳಿದ್ದೂ ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಎಳೆದುಕೊಂಡು ಬರಲೆಂದೇ ಆ ಸಂಜೆ ಅಮದಳ್ಳಿಯಲ್ಲಿ ಬಸ್ಸಿಳಿದೆ. ಆತ ಸಮುದ್ರಕ್ಕೆ ಹೋಗಿದ್ದ. ಜಗಲಿಯಲ್ಲಿ ಅವನ ತಾಯಿ ಇದ್ದಳು. ಹೆಂಡತಿ ಕೋಕಂ ಪಾನಕ ತಂದುಕೊಟ್ಟು ಎದುರಿಗೇ ನಿಂತಳು, ನನಗಿಂತ ಎಷ್ಟೋ ಚಿಕ್ಕವಳು. ಮಾತು ನನ್ನ ಬಾಯಿಯ ತುದಿಯಲ್ಲಿತ್ತು. ಆದರೆ ಗುಟ್ಟು ಅವನದು. ಅವನು ಮನೆಯಲ್ಲಿ ಹೇಳಿದ್ದಾನೋ ಇಲ್ಲವೋ, ನಾನು ಯಾವ ಬಾಯಲ್ಲಿ ಹೇಳಲಿ? ರಕ್ತದ ರಿಪೋರ್ಟು ಸರಿ ಬಂದಿಲ್ಲ, ಲ್ಯಾಬಿಗೆ ಬರಲಿಕ್ಕೆ ಹೇಳಿ ಎಂದು ಸುಳ್ಳು ಪೋಣಿಸಿದೆ.

"ದೊಡ್ಡ ಕಾಯ್ಲೆ ಎಂತಾದ್ರೂ ಹೌದನಾ ಅಕ್ಕಾ?" ಎಂದು ಅವಳು ಕೇಳಿದಳು.

"ಅಲ್ಲ, ಅಲ್ಲ. ಏನೂ ಇಲ್ಲ" ಎಂದೆ. ಪಾನಕ ಅರ್ಧಕ್ಕೇ ಬಿಟ್ಟು ಎದ್ದೆ.

ಆತ ಬರಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಊರಿನ ಮೀನು ಮಾರುವವಳೊಬ್ಬಳು ಬಸ್ಸಿನಲ್ಲಿ ಸುದ್ದಿ ಹೇಳಿದಳು. ನಿಂಗೆ ಇನ್ನೂ ವಯಸ್ಸಿದೆ, ಬೇರೆ ಮದುವೆ ಮಾಡ್ಕೊ ಎಂದು ಅವನೇ ಹೆಂಡತಿಯನ್ನು ಅಂಕೋಲೆ ಕಡೆಯ ತವರಿಗೆ ಕಳಿಸಿದನಂತೆ. ಜಾತಿಯ ಹಿರಿಯರು ಕೂತು ಬಿಡುಗಡೆ ಮಾಡಿಸಿದರಂತೆ. ಅವಳಿಗೆ ಮರುಮದುವೆಯೂ ಆಯಿತಂತೆ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಬಸ್ಸಿನ ತುಂಬ ಜನರೆದುರು ಅಳುವುದು ಹೇಗೆ?

ಆಮೇಲೆ ನಾನು ಜಗಳವಾಡಿ ಲ್ಯಾಬಿನಲ್ಲಿ ಐಸಿನಲ್ಲಿಟ್ಟು ತರಬೇಡಿ ಎಂದು ಒಂದು ಬೋರ್ಡು ಹಾಕಿಸಿದೆ, ಹಿಂದುಗಡೆ ಒಂದು ಸಣ್ಣ ಕೋಣೆ ಬಿಡಿಸಿದೆ. ಹೇಗೆ ತಂದಿರಿ, ಎಷ್ಟು ಹೊತ್ತಾಯಿತು ಎಂದು ಕೇಳದೆ ಬಾಟಲಿ ತೆಗೆದುಕೊಳ್ಳಬಾರದು, ಇಬ್ಬರು ನೋಡದೆ ಇಂಥ ರಿಪೋರ್ಟು ಹೊರಗೆ ಹೋಗಬಾರದು ಎಂದು ಕಟ್ಟುನಿಟ್ಟಾಯಿತು. ಆಗಿ ಏನು ಬಂತು, ಮಣ್ಣು!

ಒಂದು ದಿನ ಆತನೇ ಬಂದ. ತಾಯಿ ಇನ್ನೊಂದು ಹೆಣ್ಣು ನೋಡುತ್ತಿದ್ದಳಂತೆ.

"ಆ ಕಾಗ್ದ ಹರ್ದು ಹಾಕಿದ್ದೆ, ಅಕ್ಕೋರೆ. ಅಂಥದ್ದೇ ಇನ್ನೊಂದು ಕೊಡಿ. ಅಮ್ಮಂಗೆ ತೋರ್ಸಿ ಬಾಯಿ ಮುಚ್ಚಿಸ್ತೆ. ಇನ್ನೊಬ್ಬಳ ಬಾಳು ಹಾಳು ಮಾಡೂದು ಬ್ಯಾಡ."

ಪರೀಕ್ಷೆ ಮಾಡದೆ ಕೊಡುವ ಹಾಗಿಲ್ಲ ಎಂದೆ. ಗೊಣಗುತ್ತ ಹಿಂದಿನ ಕೋಣೆಗೆ ಹೋಗಿ ಬಂದ. ಸ್ಲೈಡಿಗೆ ಕಣ್ಣಿಟ್ಟರೆ, ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ನನ್ನ ಕಣ್ಣು ಸುಳ್ಳು ಹೇಳುತ್ತಿರಲಿ ದೇವರೇ ಎಂದು ಅದೊಂದೇ ಸಲ ಬೇಡಿಕೊಂಡೆ. ಮಧ್ಯಾಹ್ನದ ಪಾಳಿಯವನನ್ನು ಕರೆದು ತೋರಿಸಿದೆ. ಅವನ ಲೆಕ್ಕ ನನ್ನ ಲೆಕ್ಕಕ್ಕೆ ತಾಳೆಯಾಯಿತು.

ಎಲ್ಲ ಸರಿಯಿದೆ ಎಂದು ಆತನಿಗೆ ಹೇಳಿದೆ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನೋಡಿದ್ದು ಅದೇ ಮಷಿನ್ನಾ?"

"ಅದೇ."

"ಆವತ್ತೂ ನೀವೇ ನೋಡಿದ್ದು?"

"ನಾನೇ."

"ಅವ್ಳು ಹೋಗೂಕಿಲ್ಲ ಅಂತ ಬಾಗ್ಲ ಹಿಡ್ಕಂಡು ನಿಂತಿದ್ಲು, ಅಕ್ಕೋರೆ" ಎಂದ. "ಒಂದೊಂದೇ ಬೆರಳು ಬಿಡಿಸಿದ್ದು ನಾನೇಯಾ."