ನನ್ನ ಒಂದು ದಿನದ ಜಡ್ಜಗಿರಿ

ನಾನೂ ಒಮ್ಮೆ ಜಡ್ಜನಾಗಿದ್ದೆ ಎಂದರೆ ನನ್ನ ಹೆಂಡತಿ ನಗುತ್ತಾಳೆ. ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ಕೇಳಿದರೂ ‘ನೋಡುವ’ ಎನ್ನುವ ಗಂಡನನ್ನು ಕಟ್ಟಿಕೊಂಡವಳು ನಗದೆ ಏನು ಮಾಡಿಯಾಳು?

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹೊನ್ನಾವರದಲ್ಲಿ ಇಂಗ್ಲಿಷ್ ಮಾಸ್ತರ, ಇನ್ನೂ ಮದುವೆಯಾಗಿರಲಿಲ್ಲ. ನಿಘಂಟು ತಿರುವುವುದು ನನ್ನ ಚಟ. ‘ಜಡ್ಜ್’ ಎಂಬ ಶಬ್ದದ ಮೇಲೆ ನನಗೆ ವಿಶೇಷ ಅಚ್ಚರಿ. ಕೋರ್ಟಿನಲ್ಲಿ ಶಿಕ್ಷೆ ಕೊಡುವವನಿಗೂ, ಹಾಡಿನ ಸ್ಪರ್ಧೆಯಲ್ಲಿ ಅಂಕ ಹಾಕುವವನಿಗೂ, ಮಾವಿನಹಣ್ಣು ಮೂಸಿ ಸಿಹಿಯೋ ಹುಳಿಯೋ ಹೇಳುವವನಿಗೂ ಇಂಗ್ಲಿಷಿನವರದು ಒಂದೇ ಹೆಸರು. ನಾವು ಕೆಲಸ ನೋಡಿ ಹೆಸರಿಡುತ್ತೇವೆ: ಒಬ್ಬ ನ್ಯಾಯಾಧೀಶ, ಇನ್ನೊಬ್ಬ ತೀರ್ಪುಗಾರ, ಮಾವಿನಹಣ್ಣಿನವನು ಬರೀ ಬಲ್ಲವ. ಆದರೆ ಮುಂಬಯಿ ಪ್ರಾಂತದ ಕಾಲದಿಂದಲೂ ನಮ್ಮ ಕಡೆಯ ಜನಕ್ಕೆ ಜಡ್ಜ ಅಂದರೆ ಒಬ್ಬನೇ. ಎತ್ತರದ ಕುರ್ಚಿಯಲ್ಲಿ ಕೂತು, ಇನ್ನು ಯಾರೂ ಮಾತಾಡದಂತೆ ಮಾತಾಡುವವನು. ಈ ಗೊಂದಲದಲ್ಲೇ ನಾನು ಸಿಕ್ಕಿಬಿದ್ದದ್ದು.

ಮುರ್ಡೇಶ್ವರದ ಶಾಲೆಯಲ್ಲಿ ಆರೋಗ್ಯವಂತ ಶಿಶುಗಳ ಸ್ಪರ್ಧೆ ಇಟ್ಟಿದ್ದರು. ಮೂವರು ತೀರ್ಪುಗಾರರಲ್ಲಿ ಒಬ್ಬರು ಜ್ವರ ಬಂದು ಮಲಗಿದರು. ಪರಿಚಯದ ಗ್ರಾಮಸೇವಕರು ನನ್ನನ್ನು ತಾರಿಯ ದೋಣಿಯಲ್ಲಿ ಹೊಳೆ ದಾಟಿಸಿ, ಬಸ್ಸು ಹತ್ತಿಸಿ ಕರೆದೊಯ್ದರು. ಕೂಸನ್ನು ಎತ್ತಿಕೊಳ್ಳಲೂ ಬಾರದ ನನ್ನ ಎದೆಗೆ ‘ಜಡ್ಜ’ ಎಂದು ಬರೆದ ಕೆಂಪು ರಿಬ್ಬನ್ ಚುಚ್ಚಿದರು. ಪುಣ್ಯಕ್ಕೆ ಪಕ್ಕದಲ್ಲಿ ಲೇಡಿ ಡಾಕ್ಟರರಿದ್ದರು. ಅವರು ತೂಗಿ, ಹಲ್ಲು ನೋಡಿ ಹೇಳಿದ್ದಕ್ಕೆಲ್ಲ ನಾನು ಗಂಭೀರವಾಗಿ ತಲೆಯಾಡಿಸಿದೆ. ಗುಂಡುಗುಂಡಾದ ಒಂದು ಕೂಸಿಗೆ ಬಹುಮಾನ ಹೋಯಿತು.

ಜನ ಚದುರಿದ ಮೇಲೂ ಒಬ್ಬಳು ಉಳಿದಳು. ಮೀನುಗಾರರ ಮನೆಯ ಸೊಸೆ, ಹೆಸರು ಮಾದೇವಿ, ಇಪ್ಪತ್ತು ದಾಟಿರಲಿಕ್ಕಿಲ್ಲ. ಅವಳ ಸೆರಗಿನೊಳಗೆ ಬೆಕ್ಕಿನ ಮರಿಯಷ್ಟು ಸಣ್ಣ ಕೂಸು. ಅದನ್ನು ಸ್ಪರ್ಧೆಗೆ ಅವಳು ತಂದೇ ಇರಲಿಲ್ಲ. ನನ್ನ ರಿಬ್ಬನ್ನನ್ನೇ ನೋಡುತ್ತ ಹೇಳಿದಳು: “ಜಡ್ಜ ಬತ್ರು ಅಂದ್ರು, ಅದ್ಕೇ ಬಂದೆ. ಕೂಸು ಸೊರಗಿದ್ದು ನನ್ನಿಂದ ಅಂತಾರೆ ಅತ್ತೆ. ತಪ್ಪು ನಂದೋ ಅಲ್ವೋ, ನೀವು ಹೇಳ್ಬೇಕು.”

ನಾನು ಅಂಥ ಜಡ್ಜನಲ್ಲ ಎಂದು ವಿವರಿಸಬೇಕಿತ್ತು. ಅವಳ ಮುಖ ನೋಡಿ, ವಿವರಿಸುವ ಬದಲು ಡಾಕ್ಟರರನ್ನು ಕರೆದೆ. ಅವರು ಕೂಸನ್ನು ತೂಗಿ, ಹೆರಿಗೆಯಾದಾಗ ತಾವೇ ಬರೆದುಕೊಟ್ಟಿದ್ದ ತೂಕದ ಚೀಟಿಯನ್ನು ಅವಳಿಂದ ಇಸಿದುಕೊಂಡು ನೋಡಿದರು. ಎಂಟು ತಿಂಗಳಿಗೇ ಹುಟ್ಟಿದ ಕೂಸಂತೆ. ಎರಡೇ ತಿಂಗಳಲ್ಲಿ ಮೂರು ಪೌಂಡು ಏರಿದೆ. ಹಾಲಿಗೇನೂ ಕೊರತೆಯಿಲ್ಲ ಎಂದರು. ನಾನು ಶಾಲೆಯ ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದೆ: ‘ಕೂಸು ಸರಿಯಾಗಿ ಬೆಳೆಯುತ್ತಿದೆ. ತಾಯಿಯ ತಪ್ಪು ಏನೂ ಇಲ್ಲ.’ ಡಾಕ್ಟರರ ಸಹಿಯ ಕೆಳಗೆ ನನ್ನದನ್ನೂ ಹಾಕಿದೆ. ಅವಳು ಕಾಗದವನ್ನು ಕಣ್ಣಿಗೊತ್ತಿಕೊಂಡು ಹೋದಳು. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ನನ್ನ ಮೇಲೆಯೇ ಬಹಳ ಗೌರವ ಹುಟ್ಟಿತ್ತು.

ತಿಂಗಳು ಕಳೆಯುವುದರೊಳಗೆ ಒಂದು ಸಂಜೆ ನನ್ನ ಬಿಡಾರದ ಜಗುಲಿಯಲ್ಲಿ ಮುದುಕಿಯೊಬ್ಬಳು ಕೂತಿದ್ದಳು. ಒಣಮೀನು ಮಾರಲು ಹೊನ್ನಾವರಕ್ಕೆ ಬಂದವಳು, ಬುಟ್ಟಿ ಖಾಲಿಯಾಗಿತ್ತು. ತಾನು ಮಾದೇವಿಯ ಅತ್ತೆ ದುರ್ಗಮ್ಮ, ಗ್ರಾಮಸೇವಕರನ್ನು ಕೇಳಿ ಮನೆ ಹುಡುಕಿದೆ ಎಂದಳು. ನಾನು ಜಗಳಕ್ಕೆ ಸಿದ್ಧನಾದೆ. ಅವಳು ದನಿ ಏರಿಸಲೇ ಇಲ್ಲ.

“ಕಾಗ್ದ ಓದಿಸ್ದೆ ಮಾಸ್ತರೇ. ಅವ್ಳು ಹೇಳಿದ್ದು ಕೇಳಿದ್ರಿ, ನನ್ನ ಕೇಳ್ಲಿಲ್ಲ.”

ಏಕಪಕ್ಷೀಯ ತೀರ್ಪು ಎಂಬ ಮಾತು ನನಗೆ ನಿಘಂಟಿನಿಂದ ಗೊತ್ತಿತ್ತು. ಅದನ್ನು ಕೊಟ್ಟವನು ಹೇಗಿರುತ್ತಾನೆ ಎಂಬುದು ಆಗ ಗೊತ್ತಾಯಿತು. ಹೇಳಿ ಎಂದು ಅವಳೆದುರು ಕೂತೆ.

ಅವಳು ಹೆತ್ತದ್ದು ನಾಲ್ಕು. ಉಳಿದದ್ದು ಮಾದೇವಿಯ ಗಂಡನೊಬ್ಬ. ಹೋದ ಮೂರೂ ಹೀಗೇ ಸಣ್ಣಗಿದ್ದವಂತೆ. ಈ ಮೊಮ್ಮಗು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತಾಳಂತೆ. ಹೆದರಿಕೆಯಾದರೆ ಹೆದರಿಕೆ ಎಂದು ಹೇಳಲು ಬಾರದು, ಬಾಯಿಗೆ ಬೈಗುಳವೇ ಬರುತ್ತದೆ ಎಂದಳು. ತನ್ನ ಕೂಸುಗಳು ಹೋದಾಗ ತನ್ನ ಅತ್ತೆಯೂ ಹೀಗೇ ಬೈದಿದ್ದಳಂತೆ. ಒಟ್ಟು ಅರ್ಧ ಗಂಟೆ ಹೇಳಿದಳು. ನಾನು ಪೂರ್ತಿ ಕೇಳಿದೆ.

ಕೊನೆಗೆ, ಕಾಗದವನ್ನು ಬದಲಿಸಿ ಬರೆದುಕೊಡಲೇ ಎಂದು ಕೇಳಿದೆ.

“ಬೇಡ. ಅದು ಅವ್ಳ ಹತ್ರ ಇರ್ಲಿ, ಅವ್ಳಿಗೆ ಬೇಕು. ನಂದು ನೀವು ಕೇಳಿದ್ರಲ್ಲ, ಆತು.”

ಕೊಟ್ಟ ಚಾ ಕುಡಿದು ಎದ್ದಳು. ತಾರಿಯ ಹೊತ್ತಾಗಿತ್ತು. ಅವಳು ಬೇಡಬೇಡ ಎನ್ನುತ್ತಿದ್ದರೂ ಒಣಮೀನಿನ ಆ ಬುಟ್ಟಿಯನ್ನು ಕಂಕುಳಲ್ಲಿ ಹಿಡಿದು ಹೊಳೆಯ ದಡದವರೆಗೆ ಅವಳ ಜೊತೆ ಪೇಟೆಯ ನಡುವೆಯೇ ನಡೆದೆ. ಅಂಗಡಿಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಏನೆಂದುಕೊಂಡರೋ, ಅದನ್ನು ಅವರ ತೀರ್ಮಾನಕ್ಕೇ ಬಿಟ್ಟೆ.