ಲಸಿಕೆಯ ಅಕ್ಕೋರು

ಧಾರವಾಡದಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಳಿಗೆಯ ಮೇಲೆ ಅಕ್ಕೋರಿದ್ದರು. ಲಸಿಕೆಯ ಪ್ರಯೋಗಾಲಯದಲ್ಲಿ ಕೆಲಸ. ಓದಿದ ಹೆಣ್ಣುಮಕ್ಕಳೆಲ್ಲ ನಮ್ಮವ್ವನಿಗೆ ‘ಅಕ್ಕೋರು’. ಹಾಲಿನ ಪಾತ್ರೆ, ಬಿಸಿಲಲ್ಲಿ ನಿಂತ ಸ್ಕೂಟರಿನ ಸೀಟು, ಏನು ಕಂಡರೂ ಮೊದಲು ಅಂಗೈಯಿಟ್ಟು ಬಿಸಿ ನೋಡುವುದು ಇವರ ಚಟ. ಕೆಲವು ಲಸಿಕೆಗಳು ಬಿಸಿಗೆ ಕೆಡದಿರಲೆಂದು ದನದ ತೊಗಲು, ಎಲುಬಿನಿಂದ ತೆಗೆದ ಜೆಲಟಿನ್ ಬೆರೆಸುತ್ತಾರೆ. ಯೀಸ್ಟಿನಿಂದ ತಯಾರಿಸಿದ ಜೆಲಟಿನ್ ಆ ಕೆಲಸ ಮಾಡೀತೇ ಎಂದು ಅವರು ಹುಡುಕುತ್ತಿದ್ದರು. ಅದನ್ನು ಬೆರೆಸಿದ ಅವರ ಲಸಿಕೆ ಮಾತ್ರ ಇನ್ನೂ ಬಿಸಿ ತಾಳುತ್ತಿರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ "ಆತೇನ್ರಿ?" ಎಂದರೆ ಒಂದೇ ಉತ್ತರ: "ಇನ್ನಾ ಆಗಿಲ್ರಿ. ಆಗ್ತೈತಿ."

ನನ್ನ ಮಗಳಿಗೆ ದಡಾರದ ಲಸಿಕೆ ಹಾಕಿಸುವ ದಿನ, ಲಿಂಗಪೂಜೆ ಮಾಡದೆ ನೀರೂ ಕುಡಿಯದ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಕೆಲಸಕ್ಕೆಂದು ಮೆಟ್ಟಿಲಿಳಿದು ಬಂದ ಅಕ್ಕೋರನ್ನು ತಡೆದು ಕೇಳಿದಳು.

"ಅದ್ರಾಗ ದನದ್ದು ಇರ್ತೈತಂತ. ಖರೇ ಏನ್ರಿ ಅಕ್ಕೋರ?"

ಇಲ್ಲ ಎಂದುಬಿಡಿ ಎಂದು ನಾನು ಹಿಂದಿನಿಂದ ಕಣ್ಸನ್ನೆ ಮಾಡಿದೆ.

"ಖರೇ ಐತ್ರಿ ಅವ್ವಾರ," ಎಂದರು ಅವರು. ಕೈ ತಮ್ಮ ಕೊರಳಿನ ಲಿಂಗದ ಮೇಲಿತ್ತು. "ಅದನ್ನ ತಗೀಬೇಕಂತನ ನಾನು ದಿನಾ ಹೋಗೂದು. ಆದ್ರ ನಂದು ಆಗೂತನಕ ದಡಾರ ಕಾಯಂಗಿಲ್ರಿ. ನನ್ನ ಮಗಳಿಗೂ ಇದನ್ನ ಹಾಕಿಸೇನಿ."

ಅವ್ವ ಬಾಗಿಲು ಬಿಟ್ಟು ಸರಿದಳು. ಸಂಜೆ ಮಗುವಿಗೆ ಮೈ ಕಾದಾಗ ಅಕ್ಕೋರ ಆ ಅಂಗೈ ಅದರ ಹಣೆಯ ಮೇಲೆ ಬಹಳ ಹೊತ್ತು ಇತ್ತು.

ಆಮೇಲೆ ಅವರು ಊರು ಬಿಟ್ಟರು. ಎರಡನೇ ಸಲದ ಲಸಿಕೆಗೆ ಹೊರಟಾಗ ಅವ್ವ ಕೇಳಿದಳು, "ಅಕ್ಕೋರ್ದು ಆತಂತೇನು?"

"ಇನ್ನಾ ಇಲ್ಲವ್ವಾ."

"ಆಗ್ತೈತಿ ತಗೋ," ಎಂದವಳು ಮೊಮ್ಮಗಳನ್ನು ಕಂಕುಳಿಗೆತ್ತಿಕೊಂಡು ನನಗಿಂತ ಮುಂದೆ ನಡೆದಳು.